ಈಟಿ ಎಸೆಯುವ ಕೋಲು ಬಲವನ್ನು ಹೆಚ್ಚಿಸುತ್ತದೆಯೇ?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ, ಮಗಳು ಏಳನೇ ತರಗತಿ. ವಿಜ್ಞಾನದಲ್ಲಿ ಬಲದ ಪಾಠಕ್ಕೆ ಇಲ್ಲಿನ ಮೂಲನಿವಾಸಿಗಳ ವೂಮೆರಾ, ಅಂದರೆ ಈಟಿ ಎಸೆಯುವ ಕೋಲನ್ನು ಉದಾಹರಣೆಯಾಗಿ ಕೊಟ್ಟಿದ್ದಾರೆ. 'ವೂಮೆರಾ ನಮ್ಮ ಕೈಬಲವನ್ನು ಹೆಚ್ಚಿಸುತ್ತದೆ' ಎಂದು ಬರೆದಿದ್ದಾಳೆ. ಒಂದು ಕೋಲು ಇಲ್ಲದ ಬಲವನ್ನು ಎಲ್ಲಿಂದ ತರುತ್ತದೆ? ಮನೆಯಲ್ಲಿ ಹೇಗೆ ಹೇಳಿಕೊಡಲಿ?

ಉತ್ತರ: ಆಸ್ಟ್ರೇಲಿಯದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ತಂದೆತಾಯಂದಿರು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಮಗಳು ಬರೆದ ವಾಕ್ಯವನ್ನು ತಿದ್ದಬೇಕು. ವೂಮೆರಾ ಬಲವನ್ನು ಹೆಚ್ಚಿಸುವುದಿಲ್ಲ, ತಗ್ಗಿಸುತ್ತದೆ. ಅದು ಹೆಚ್ಚಿಸುವುದು ವೇಗವನ್ನು.

ಮೊದಲು ಕೋಲನ್ನು ಸರಿಯಾಗಿ ನೋಡೋಣ. ವೂಮೆರಾ ಎಂಬುದು ಸಿಡ್ನಿ ಸೀಮೆಯ ದಾರುಗ್ ಭಾಷೆಯ ಪದ. ಮಧ್ಯ ಆಸ್ಟ್ರೇಲಿಯದ ಮರುಭೂಮಿಯ ಪಿಟ್ಜಂಟ್ಜಟ್ಜಾರಾ ಜನ ಇದನ್ನು ಮಿರು ಎನ್ನುತ್ತಾರೆ, ಈಟಿಗೆ ಕುಲಟ ಎನ್ನುತ್ತಾರೆ. ಮಿರುವಿನ ಒಂದು ತುದಿ ಹಿಡಿಕೆ, ಇನ್ನೊಂದು ತುದಿಯಲ್ಲಿ ಪ್ರಾಣಿಯ ನರದಿಂದ ಬಿಗಿದು ಕಟ್ಟಿದ ಪುಟ್ಟ ಮೊಳೆ. ಈಟಿಯ ಹಿಂಬದಿಯ ಕುಳಿ ಈ ಮೊಳೆಗೆ ಕೂರುತ್ತದೆ. ಎಸೆಯುವವನು ಕೈ ಬೀಸಿದಾಗ ಕೋಲು ಮುಂದಕ್ಕೆ ತಿರುಗುತ್ತದೆ, ಮೊಳೆ ಈಟಿಯನ್ನು ಹಿಂದಿನಿಂದ ತಳ್ಳುತ್ತದೆ. ಈಟಿ ಹಾರಿಹೋಗುತ್ತದೆ, ಕೋಲು ಕೈಯಲ್ಲೇ ಉಳಿಯುತ್ತದೆ.

ಈಗ ಲೆಕ್ಕ. ಸುಲಭವಾಗಲಿ ಎಂದು ಮೊಣಕೈಯಷ್ಟೇ ತಿರುಗುತ್ತದೆ ಎಂದುಕೊಳ್ಳಿ. ಮೊಣಕೈಯಿಂದ ಅಂಗೈಗೆ 35 ಸೆಂಟಿಮೀಟರ್, ಕೋಲಿನ ಉದ್ದ 70. ಎರಡೂ ಒಂದೇ ಗೆರೆಯಲ್ಲಿದ್ದರೆ ಮೊಣಕೈಯಿಂದ ಮೊಳೆಗೆ 105 ಸೆಂಟಿಮೀಟರ್. ಅಂಗೈ ಒಂದು ಗೇಣು ಸರಿಯುವಷ್ಟರಲ್ಲಿ ಮೊಳೆ ಮೂರು ಗೇಣು ಸರಿದಿರುತ್ತದೆ, ಅಂದರೆ ಮೂರು ಪಟ್ಟು ವೇಗ. ಆದರೆ ಅಂಗೈ ಹಾಕಿದ ಬಲದಲ್ಲಿ ಮೊಳೆಯ ತನಕ ತಲುಪುವುದು ಮೂರನೇ ಒಂದು ಭಾಗ ಮಾತ್ರ. ಬಲ ಕೊಟ್ಟು ದೂರ ಕೊಂಡ ಹಾಗಾಯಿತು. ಶಾಲೆಯ ಮಾತಿನಲ್ಲಿ ಇದು ಮೂರನೇ ವರ್ಗದ ಸನ್ನೆಕೋಲು: ಆಸರೆ (ಇಲ್ಲಿ ಮೊಣಕೈ) ಒಂದು ತುದಿಯಲ್ಲಿ, ಭಾರ ಇನ್ನೊಂದು ತುದಿಯಲ್ಲಿ, ಬಲ ಹಾಕುವುದು ನಡುವೆ.

ಇಲ್ಲಿ ಚುರುಕಾದ ಮಗು ಇನ್ನೊಂದು ಪ್ರಶ್ನೆ ಎತ್ತುತ್ತದೆ, ಎತ್ತಲೇಬೇಕು. ಬಲ ಮೂರನೇ ಒಂದು, ದೂರ ಮೂರು ಪಟ್ಟು. ಎರಡನ್ನೂ ಗುಣಿಸಿದರೆ ಕೆಲಸ ಅಷ್ಟೇ ಆಯಿತಲ್ಲ? ಹಾಗಿದ್ದರೆ ಈಟಿಗೆ ಹೆಚ್ಚಿನ ಶಕ್ತಿ ಬಂದದ್ದೆಲ್ಲಿಂದ? ಉತ್ತರ ನಮ್ಮ ಮೈಯಲ್ಲೇ ಇದೆ. ಬರಿಗೈಯಲ್ಲಿ ಎಸೆದ ವಸ್ತು ಹೊರಡುವುದು ಕೈಯ ವೇಗದಲ್ಲಿ, ಅದಕ್ಕಿಂತ ಹೆಚ್ಚಲ್ಲ. ಕೈಗೂ ಒಂದು ಮಿತಿಯಿದೆ: ಸ್ನಾಯು ಎಷ್ಟು ಬೇಗ ಕುಗ್ಗುತ್ತದೋ ಅಷ್ಟು ಅದರ ಬಲ ಇಳಿಯುತ್ತದೆ. ಹಗುರ ಈಟಿಯನ್ನು ಬರಿಗೈಯಲ್ಲಿ ಎಸೆಯುವಾಗ ನಮ್ಮ ಶ್ರಮದ ಬಹುಪಾಲು ತೋಳನ್ನೇ ಬೀಸುವುದಕ್ಕೆ ಖರ್ಚಾಗುತ್ತದೆ, ಈಟಿಗೆ ಸಿಗುವುದು ಸ್ವಲ್ಪ. ಮಿರು ಹಿಡಿದಾಗ ತೋಳು ತನಗೆ ಒಗ್ಗುವ ವೇಗದಲ್ಲೇ ಬಲವಾಗಿ ತಳ್ಳುತ್ತದೆ, ತುದಿ ಮಾತ್ರ ಅತಿವೇಗದಲ್ಲಿ ಓಡುತ್ತದೆ. ತೋಳಿನಲ್ಲಿ ಉಳಿದುಹೋಗುತ್ತಿದ್ದ ಶಕ್ತಿ ಈಟಿಗೆ ಸಂದಾಯವಾಗುತ್ತದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು. ಕಾಂಗರೂ ಬೇಟೆಯಲ್ಲಿ ಈ ವ್ಯತ್ಯಾಸ ಎಂಥದ್ದೆಂದು ಊಹಿಸಬಹುದು.

ಇದರ ಪಕ್ಕದಲ್ಲೇ ಇನ್ನೊಂದು ಕೋಲನ್ನು ಇಟ್ಟು ಪಾಠ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದೇ ಜನರ ಹೆಂಗಸರು ನೆಲ ಅಗೆಯುವ ಕೋಲು, ಹೆಸರು ವನ. ಗಡ್ಡೆ, ಹಲ್ಲಿ, ಹುಳ, ಇಂಥ ದಿನದಿನದ ಆಹಾರ ಬರುತ್ತಿದ್ದುದು ಇದರಿಂದ. ನಮ್ಮ ಹಾರೆಯ ಹಾಗೆಯೇ ಅದನ್ನು ನೆಲಕ್ಕೆ ಚುಚ್ಚಿ ಮೀಟುತ್ತಾರೆ. ಆಸರೆಯಿಂದ ತುದಿಗೆ 20 ಸೆಂಟಿಮೀಟರ್, ಕೈಗೆ 80 ಇದ್ದರೆ ತುದಿಯಲ್ಲಿ ನಾಲ್ಕು ಪಟ್ಟು ಬಲ. ಆದರೆ ಕೈ ನಾಲ್ಕು ಗೇಣು ಸರಿದರೆ ಮಣ್ಣು ಏಳುವುದು ಒಂದೇ ಗೇಣು. ಮಿರುವಿನದು ಬಲ ಬಿಟ್ಟು ವೇಗ ಪಡೆಯುವ ದಾರಿ, ವನದ್ದು ದೂರ ಬಿಟ್ಟು ಬಲ ಪಡೆಯುವ ದಾರಿ. ಎರಡನ್ನೂ ಎದುರುಬದುರು ಇಟ್ಟರೆ ಸನ್ನೆಯ ಪಾಠ ಮಗುವಿಗೆ ಬಾಯಿಪಾಠವಾಗದೆ ಅರ್ಥವಾಗುತ್ತದೆ. ಬೇಟೆಯ ಆಯುಧವನ್ನಷ್ಟೇ ತೋರಿಸಿ ಹೆಂಗಸರ ಕೋಲನ್ನು ಬಿಡುವುದು ವಿಜ್ಞಾನಕ್ಕೂ ನಷ್ಟ, ಆ ಜನರಿಗೂ ಅನ್ಯಾಯ.

ಮಿರುವಿನಲ್ಲಿ ಇನ್ನೂ ಪಾಠಗಳಿವೆ. ಹಿಡಿಕೆಯ ತುದಿಗೆ ಸ್ಪಿನಿಫೆಕ್ಸ್ ಹುಲ್ಲಿನ ಅಂಟಿನಿಂದ ಹರಿತವಾದ ಕಲ್ಲಿನ ಚೂರೊಂದನ್ನು ಕೂರಿಸಿರುತ್ತಾರೆ, ಮರ ಕೆತ್ತಲು, ಮಾಂಸ ಕೊಯ್ಯಲು. ಅಂಚಿನ ವಿಸ್ತೀರ್ಣ ಕಿರಿದಾದಷ್ಟೂ ಒತ್ತಡ ಹೆಚ್ಚು. ಕೋಲಿನ ಅಂಚನ್ನು ಸೀಳಿದ ಒಣಮರದ ಮೇಲೆ ಗರಗಸದಂತೆ ಉಜ್ಜಿ ಬೆಂಕಿ ಹೊತ್ತಿಸುತ್ತಾರೆ, ಅಲ್ಲಿ ಘರ್ಷಣೆ. ಬೋಗುಣಿಯಂತೆ ಬಾಗಿದ ಅದರ ಒಡಲಲ್ಲಿ ಬಣ್ಣದ ಮಣ್ಣು ಕಲಸುತ್ತಾರೆ. ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವವರು ಹೊರುವ ಪ್ರತಿಯೊಂದು ವಸ್ತುವೂ ನಾಲ್ಕು ಕೆಲಸ ಮಾಡಬೇಕು.

ಎಲ್ಲರೂ ಬೂಮರಾಂಗಿನಿಂದ ಶುರು ಮಾಡುತ್ತಾರೆ. ನನ್ನನ್ನು ಕೇಳಿದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ತಿರುಗಿ ಬರುವುದರ ಹಿಂದೆ ರೆಕ್ಕೆಯ ಮೇಲೆತ್ತುವ ಬಲ ಮತ್ತು ತಿರುಗುವ ಬುಗುರಿಯ ವಾಲಾಟ ಎರಡೂ ಸೇರಿವೆ, ಏಳನೇ ತರಗತಿಗೆ ಭಾರ. ಬೇಟೆಗೆ ಬಳಸುತ್ತಿದ್ದ ಬೂಮರಾಂಗುಗಳಲ್ಲಿ ಹೆಚ್ಚಿನವು ತಿರುಗಿ ಬರುತ್ತಿರಲೂ ಇಲ್ಲ.

'ಆಸ್ಟ್ರೇಲಿಯದ ಮೂಲನಿವಾಸಿಗಳು ಹೀಗೆ ಮಾಡುತ್ತಿದ್ದರು' ಎಂಬ ಸಾಲನ್ನು ಮಗಳು ಬರೆಯದಿರಲಿ. ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಟಾಸ್ಮೇನಿಯದವರು ವೂಮೆರಾ ಬಳಸುತ್ತಿರಲಿಲ್ಲ, ಈಟಿಯನ್ನು ಕೈಯಿಂದಲೇ ಎಸೆಯುತ್ತಿದ್ದರು. ಯಾವ ಜನರ ಯಾವ ಕೋಲು ಎಂದು ಹೆಸರು ಹಿಡಿದು ಬರೆಯುವುದೇ ಮರ್ಯಾದೆ. ಹಾಗೆಯೇ ದಾರಕ್ಕೆ ಕಟ್ಟಿ ಗಿರ್ರನೆ ತಿರುಗಿಸಿ ಸದ್ದು ಹೊರಡಿಸುವ ಮರದ ಹಲಗೆಯೊಂದಿದೆ. ವೃತ್ತಾಕಾರದ ಚಲನೆಗೆ ಒಳ್ಳೆಯ ಉದಾಹರಣೆಯೆಂದು ಕಂಡರೂ ಅನೇಕ ಸಮುದಾಯಗಳಲ್ಲಿ ಅದು ಗುಟ್ಟಿನ ಆಚರಣೆಗೆ ಸೇರಿದ್ದು. ಮನೆಯಲ್ಲಿ ಮಾಡಿ ಆಡುವ ವಸ್ತುವಲ್ಲ.

ನಿಮ್ಮ ಪರ್ಸಿನಲ್ಲಿ 50 ಡಾಲರ್ ನೋಟಿದ್ದರೆ ತೆಗೆದು ಮಗಳಿಗೆ ತೋರಿಸಿ. ಅದರಲ್ಲಿರುವವರು ಡೇವಿಡ್ ಯುನೈಪನ್ (1872–1967), ಙರಿಂಡ್ಜೆರಿ ಜನಾಂಗದ ಲೇಖಕ, ಸಂಶೋಧಕ. ಕುರಿಯ ಉಣ್ಣೆ ಕತ್ತರಿಸುವ ಯಂತ್ರವನ್ನು ಸುಧಾರಿಸಿ 1909ರಲ್ಲಿ ತಾತ್ಕಾಲಿಕ ಪೇಟೆಂಟ್ ಪಡೆದವರು. ಬೂಮರಾಂಗಿನ ತತ್ವದ ಮೇಲೆ ನೇರ ಮೇಲಕ್ಕೇರುವ ವಿಮಾನ ಸಾಧ್ಯವೆಂದು 1914ರಲ್ಲೇ ಹೇಳಿದ್ದವರು. ಈ ತಿಳಿವಳಿಕೆ ಬರೀ ಹಳೆಯ ಕಾಲದ್ದಲ್ಲ ಎಂಬುದಕ್ಕೆ ಆ ನೋಟು ಸಾಕು.

ಮನೆಯಲ್ಲಿ ಈಟಿ ಬೇಡ. ನಾಯಿಗೆ ಟೆನಿಸ್ ಚೆಂಡು ಎಸೆಯುವ ಪ್ಲಾಸ್ಟಿಕ್ ಕೋಲು ನಿಮ್ಮಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಅದು ಕೆಲಸ ಮಾಡುವುದು ವೂಮೆರಾದ ರೀತಿಯಲ್ಲೇ. ಪಾರ್ಕಿಗೆ ಅಳತೆ ಟೇಪು ಒಯ್ಯಿರಿ. ಬರಿಗೈಯಲ್ಲಿ ಐದು ಸಲ, ಕೋಲಿನಲ್ಲಿ ಐದು ಸಲ ಎಸೆದು ಸರಾಸರಿ ತೆಗೆಯಲಿ. ಫೋನಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿದರೆ ಕೈ ಎಷ್ಟು ಸರಿಯಿತು, ತುದಿ ಎಷ್ಟು ಸರಿಯಿತು ಎಂದು ಚೌಕಟ್ಟು ಚೌಕಟ್ಟಾಗಿ ಎಣಿಸಬಹುದು. ಆಮೇಲೆ ಚೆಂಡನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಭಾರವಾದ ಮೇಲೆ ಎರಡೂ ರೀತಿಯಲ್ಲಿ ಮತ್ತೆ ಎಸೆಯಲಿ. ವಸ್ತು ಭಾರವಾದಷ್ಟೂ ಕೋಲಿನ ಲಾಭ ಇಳಿಯಬೇಕು. ವೂಮೆರಾ ಇದ್ದ ಕಡೆಯಲ್ಲೂ ಭಾರದ ಈಟಿಗಳನ್ನು ಬರಿಗೈಯಲ್ಲೇ ಎಸೆಯುತ್ತಿದ್ದರು. ಅದಕ್ಕೆ ಕಾರಣವನ್ನು ಮಗಳೇ ತನ್ನ ಅಳತೆಗಳನ್ನು ಮುಂದಿಟ್ಟುಕೊಂಡು ಬರೆಯಲಿ, ನೀವು ಮೊದಲೇ ಹೇಳಿಬಿಡಬೇಡಿ.