ಸಿಂಡಿಕೇಟೆಡ್ ಅಂದರೆ ಹಳೇ ಶೋ ಅಂತಲ್ಲ ಮಾರಾಯ್ರೇ

ಮೊನ್ನೆ ಮತ್ತೆ ಓದಿದೆ. ಅಮೆರಿಕದ ಗೇಮ್ ಶೋಗಳ ಬಗ್ಗೆ ಯಾರೋ ಆಸೆಪಟ್ಟು ಬರೆದಿದ್ದರು. ‘ಜೆಪರ್ಡಿ’ ಅನ್ನೋ ಕ್ವಿಜ್ ಶೋ ಬಗ್ಗೆ ಒಂದು ಪ್ಯಾರಾ, ಚಕ್ರ ತಿರುಗಿಸಿ ಪದ ಹುಡುಕುವ ‘ವೀಲ್ ಆಫ್ ಫಾರ್ಚೂನ್’ ಬಗ್ಗೆ ಒಂದು ಪ್ಯಾರಾ, ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಬಂತು ನೋಡಿ: ‘ಇವು ಸಿಂಡಿಕೇಟೆಡ್ ಶೋಗಳು, ಅಂದರೆ ಮರುಪ್ರಸಾರ.’ ಈ ವರ್ಷ ಇದನ್ನು ಓದುತ್ತಿರುವುದು ನಾಲ್ಕನೇ ಸಲವೋ ಐದನೇ ಸಲವೋ. ಇನ್ನೊಂದು ಕಡೆ ಸಿಂಡಿಕೇಟೆಡ್ ಗೇಮ್ ಶೋ ಅನ್ನೋದಕ್ಕೆ ‘ಸಂಘಟಿತ ಆಟದ ಪ್ರದರ್ಶನ’ ಅನ್ನೋ ಅನುವಾದವೂ ಸಿಕ್ಕಿತ್ತು. ಓದಿದರೆ ಬೀಡಿ ಕಾರ್ಮಿಕರ ಸಂಘದವರು ಕಬಡ್ಡಿ ಪಂದ್ಯ ಇಟ್ಟ ಹಾಗಿದೆ. ಅದಕ್ಕೆ ನಕ್ಕು ಸುಮ್ಮನಾಗಬಹುದು. ಮರುಪ್ರಸಾರ ಅನ್ನೋ ತಪ್ಪು ಹಾಗಲ್ಲ, ಅದು ಸರಿ ಇರಬಹುದು ಅಂತ ಅನ್ನಿಸುತ್ತೆ, ಅದಕ್ಕೇ ಹಬ್ಬುತ್ತೆ.

ಸಿಂಡಿಕೇಟ್ ಅನ್ನೋ ಪದ ನಮಗೇನು ಹೊಸದಲ್ಲ. ಹೇಳಬೇಕೆಂದರೆ ಕನ್ನಡಿಗರಿಗೆ ಇದು ಸ್ವಲ್ಪ ಜಾಸ್ತಿಯೇ ಪರಿಚಯ. 1925ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಶುರುವಾಯಿತು. ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸು ತಗೊಂಡು ಹೋಗುವ ಪಿಗ್ಮಿ ಠೇವಣಿಯಿಂದ ಹೆಸರು ಮಾಡಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ವಿಶ್ವವಿದ್ಯಾಲಯಗಳಲ್ಲಿ ಸಿಂಡಿಕೇಟ್ ಸಭೆ, ಸಿಂಡಿಕೇಟ್ ಸದಸ್ಯರು, ಅವರ ಜಗಳ, ಇದೆಲ್ಲ ಪೇಪರಿನಲ್ಲಿ ಬರುತ್ತಲೇ ಇರುತ್ತೆ. ರಾಜಕೀಯದ ಚಪಲ ಇರೋ ಹಿರಿಯರಿಗೆ ಸಿಂಡಿಕೇಟ್ ಅಂದರೆ 1969. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಅವರು, ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್ ಇವರ ಗುಂಪಿಗೆ ಪತ್ರಿಕೆಗಳು ಇಟ್ಟ ಹೆಸರು ಅದು. ಇಂದಿರಾ ಗಾಂಧಿಗೂ ಆ ಗುಂಪಿಗೂ ಜಟಾಪಟಿ ಬಿರುಸಾದದ್ದು ಆ ವರ್ಷ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಧಿವೇಶನದಲ್ಲಿ. ಇನ್ನು ಕ್ರೈಂ ಪುಟದ ಡ್ರಗ್ಸ್ ಸಿಂಡಿಕೇಟ್ ಇದ್ದೇ ಇದೆ.

ಬ್ಯಾಂಕು, ಯೂನಿವರ್ಸಿಟಿ, ಕಾಂಗ್ರೆಸ್ಸು, ಕಳ್ಳರು. ಇಷ್ಟು ಜನ ಒಂದೇ ಪದದೊಳಗೆ ಹೇಗೆ ಕೂತರು?

ಮೂಲ ಗ್ರೀಕ್. ‘ಸಿನ್’ ಅಂದರೆ ಜೊತೆ, ‘ದಿಕೆ’ ಅಂದರೆ ನ್ಯಾಯ. ಎರಡೂ ಸೇರಿ ‘ಸಿಂದಿಕೋಸ್’, ಅಂದರೆ ಕೋರ್ಟಿನಲ್ಲಿ ನಿಮ್ಮ ಪಕ್ಕ ನಿಂತು ವಾದ ಮಾಡುವವನು. ಆಮೇಲೆ ಒಬ್ಬರ ಪರ ಅನ್ನೋದು ಹೋಗಿ ಊರಿನ ಪರ, ಸಂಘದ ಪರ ನಿಲ್ಲುವವನು ಅಂತಾಯಿತು. ಲ್ಯಾಟಿನ್ನಿನಲ್ಲಿ ‘ಸಿಂಡಿಕಸ್’, ಫ್ರೆಂಚಿನಲ್ಲಿ ‘ಸಿಂಡಿಕ್’. ಅಂಥವರು ನಾಲ್ಕಾರು ಜನ ಸೇರಿ ಕೂತರೆ ಅದು ಸಿಂಡಿಕೇಟ್. ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟ್ ಈ ಅರ್ಥದ್ದು, ಹಳೆಯದು. ಫ್ರೆಂಚರಲ್ಲಿ ಈಗಲೂ ‘ಸಿಂಡಿಕಾ’ ಅಂದರೆ ಕಾರ್ಮಿಕ ಸಂಘವೇ. ಹಾಗೆ ನೋಡಿದರೆ ಆ ‘ಸಂಘಟಿತ’ ಅನ್ನೋ ಅನುವಾದಕ್ಕೆ ಪ್ಯಾರಿಸ್ಸಿನಲ್ಲಿ ಜಾಗ ಇದೆ, ಟಿವಿಯಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಮುಂದೆ ಹಣ ಒಟ್ಟು ಹಾಕಿ ವ್ಯವಹಾರ ಮಾಡುವ ಗುಂಪಿಗೂ ಇದೇ ಹೆಸರು ಬಂತು. ಉಡುಪಿಯವರು ತಗೊಂಡದ್ದು ಅದನ್ನು.

ಟಿವಿಗೆ ಬಂದ ಅರ್ಥ ಇನ್ನೊಂದು ಕವಲು. ಅದು ಪತ್ರಿಕೆಗಳ ದಾರಿಯಲ್ಲಿ ಬಂದದ್ದು. 1884ರಲ್ಲಿ ಎಸ್.ಎಸ್. ಮೆಕ್ಲೂರ್ ಅನ್ನೋ ಅಮೆರಿಕದವರು ಒಂದು ಉಪಾಯ ಮಾಡಿದರು. ಒಬ್ಬ ಒಳ್ಳೆ ಲೇಖಕನಿಗೆ ಒಂದೇ ಊರಿನ ಪತ್ರಿಕೆ ಸಂಭಾವನೆ ಕೊಡೋದು ಕಷ್ಟ. ಹತ್ತಾರು ಊರಿನ ಪತ್ರಿಕೆಗಳಿಗೆ ಅದೇ ಕಥೆ ಮಾರಿದರೆ? ಒಂದು ಊರಿನ ಓದುಗ ಇನ್ನೊಂದು ಊರಿನ ಪತ್ರಿಕೆ ಓದೋದಿಲ್ಲ, ಹಾಗಾಗಿ ಯಾರಿಗೂ ನಷ್ಟ ಇಲ್ಲ. ಸಿಂಡಿಕೇಟ್ ಅನ್ನೋ ಕ್ರಿಯಾಪದಕ್ಕೆ ಈ ಅರ್ಥ ಬಂದದ್ದು ಇಂಥ ವ್ಯಾಪಾರದಿಂದ. ಒಂದೇ ಸರಕನ್ನು ಬೇರೆ ಬೇರೆ ಊರಿನ ಬೇರೆ ಬೇರೆ ಮಾಲೀಕರಿಗೆ ಬಿಡಿಬಿಡಿಯಾಗಿ ಮಾರುವುದು. ಅಷ್ಟೇ. ಈ ಅರ್ಥದಲ್ಲಿ ಹಳೆಯದು ಅನ್ನೋ ಮಾತು ಎಲ್ಲಿದೆ ಹೇಳಿ? (ಬ್ಲಾಗ್ ಓದುವವರು ಬಳಸುತ್ತಿದ್ದ ಆರ್‌ಎಸ್‌ಎಸ್ ಫೀಡಿನ ಕೊನೆಯ ಎಸ್ ಕೂಡ ಸಿಂಡಿಕೇಶನ್ನೇ. ಬಿಸಿಬಿಸಿ ಪೋಸ್ಟೇ ಬರುತ್ತಿತ್ತು ಅದರಲ್ಲಿ.)

ನಮಗೆ ಇದು ತಲೆಗೆ ಹತ್ತದೇ ಇರೋದಕ್ಕೆ ಕಾರಣ ಇದೆ, ಬೈಯೋ ಹಾಗಿಲ್ಲ. ಚಂದನದ ‘ಥಟ್ ಅಂತ ಹೇಳಿ’ ಬೆಂಗಳೂರಿನಲ್ಲಿ ಎಷ್ಟು ಗಂಟೆಗೋ ಕಲಬುರಗಿಯಲ್ಲೂ ಅಷ್ಟೇ ಗಂಟೆಗೆ. ಖಾಸಗಿ ಚಾನೆಲ್ ಕೂಡ ಹಾಗೇ, ಒಂದು ಚಾನೆಲ್, ಒಂದು ಫೀಡ್. ಅಮೆರಿಕದಲ್ಲಿ ಎಬಿಸಿ, ಸಿಬಿಎಸ್, ಎನ್‌ಬಿಸಿ ಅನ್ನೋವು ಜಾಲಗಳು, ನೆಟ್‌ವರ್ಕುಗಳು. ಊರೂರಲ್ಲಿ ಇರೋ ಸ್ಟೇಷನ್‌ಗಳು ಬೇರೆ. ಕೆಲವನ್ನು ನೆಟ್‌ವರ್ಕೇ ಕೊಂಡಿದೆ, ಜಾಸ್ತಿಯವು ಬೇರೆ ಮಾಲೀಕರದ್ದು, ನೆಟ್‌ವರ್ಕಿನ ಜೊತೆ ಒಪ್ಪಂದ ಮಾತ್ರ. ಈ ಲೆಕ್ಕಕ್ಕೆ ದೇಶವನ್ನು 210 ಮಾರುಕಟ್ಟೆಗಳಾಗಿ, ಎಷ್ಟು ಜನ ಟಿವಿ ನೋಡಿದರು ಅಂತ ಲೆಕ್ಕ ಇಡುವ ನೀಲ್ಸನ್ ಕಂಪನಿ ಹಂಚಿಟ್ಟಿದೆ. ದಿನದ ಒಂದಷ್ಟು ಗಂಟೆ ನೆಟ್‌ವರ್ಕ್ ಕಳಿಸಿದ್ದನ್ನು ಸ್ಟೇಷನ್ ಹಾಕಬೇಕು. ಉಳಿದ ಹೊತ್ತು ಅದರದ್ದೇ, ಏನು ಬೇಕೋ ಹುಡುಕಿ ಕೊಂಡು ಹಾಕಿಕೊಳ್ಳಬೇಕು. ಆ ಖಾಲಿ ಜಾಗಕ್ಕೆ ಸರಕು ಮಾರುವವರೇ ಸಿಂಡಿಕೇಟರ್‌ಗಳು.

ನಮ್ಮಲ್ಲಿ ಇದಕ್ಕೆ ಹತ್ತಿರದ ಹೋಲಿಕೆ ಟಿವಿಯಲ್ಲಿ ಹುಡುಕಬೇಡಿ, ಗಾಂಧಿನಗರದಲ್ಲಿ ಹುಡುಕಿ. ಸಿನಿಮಾ ಹಂಚಿಕೆದಾರರು ಬಿಕೆಟಿ ಏರಿಯಾ, ಅಂದರೆ ಬೆಂಗಳೂರು-ಕೋಲಾರ-ತುಮಕೂರು, ಒಬ್ಬರಿಗೆ, ಇನ್ನೊಂದು ಏರಿಯಾ ಇನ್ನೊಬ್ಬರಿಗೆ ಅಂತ ಮಾರುತ್ತಾರಲ್ಲ, ಅದೇ ಲೆಕ್ಕ. ಒಂದು ಏರಿಯಾಕ್ಕೆ ಒಬ್ಬನೇ. ಅಲ್ಲೂ ಒಂದು ಮಾರುಕಟ್ಟೆಯಲ್ಲಿ ಒಂದೇ ಸ್ಟೇಷನ್‌ಗೆ ಶೋ. ಸಿನಿಮಾ ಏರಿಯಾ ಪ್ರಕಾರ ಮಾರಾಟ ಆಯಿತು ಅಂದ ತಕ್ಷಣ ಅದು ಹಳೇ ಸಿನಿಮಾ ಅಂತ ಯಾರಾದರೂ ಅಂದುಕೊಳ್ಳುತ್ತಾರಾ?

ಈ ಹೋಲಿಕೆ ಇನ್ನೂ ಒಂದು ಹೆಜ್ಜೆ ಬರುತ್ತೆ, ನನಗೆ ಈ ವಿಷಯದಲ್ಲಿ ತುಂಬ ಇಷ್ಟದ ಭಾಗ ಅದು. ಸ್ಯಾಟಲೈಟ್ ಬರೋ ಮುಂಚೆ ಶೋ ಸ್ಟೇಷನ್‌ಗೆ ಹೋಗುತ್ತಿದ್ದದ್ದು ಟೇಪಿನಲ್ಲಿ. ಕ್ಯಾಸೆಟ್ ಅಲ್ಲ, ಎರಡು ಇಂಚು ಅಗಲದ ಟೇಪ್ ಸುತ್ತಿದ ದೊಡ್ಡ ರೀಲು, ಪೆಟ್ಟಿಗೆಯಲ್ಲಿ ಹಾಕಿ ಎತ್ತಿಕೊಂಡು ಹೋಗಬೇಕು. ಆ ಟೇಪು ದುಬಾರಿ. ನೂರು ಸ್ಟೇಷನ್‌ಗೆ ನೂರು ಕಾಪಿ ಮಾಡಿದರೆ ಹಂಚುವವನು ಮುಳುಗಿದ. ಅದಕ್ಕೆ ಕೆಲವೇ ಕಾಪಿ ಮಾಡಿ ಸರದಿ ಹಚ್ಚುತ್ತಿದ್ದರು. ಮೊದಲನೇ ಊರಿನವರು ಹಾಕಿ, ರೀಲು ಪೆಟ್ಟಿಗೆಗೆ ತುಂಬಿ, ಪಟ್ಟಿಯಲ್ಲಿ ಮುಂದಿರುವ ಊರಿಗೆ ಕಳಿಸಬೇಕು. ಅವರು ಹಾಕಿ ಅದರ ಮುಂದಿನವರಿಗೆ. ಈ ಪದ್ಧತಿಗೆ ಅವರ ಬಾಯಲ್ಲಿ ಇದ್ದ ಹೆಸರು ‘ಬೈಸಿಕಲಿಂಗ್’. ಟೇಪನ್ನು ಸೈಕಲ್ ಹೊಡೆಸೋದು! ಹೀಗಾಗಿ ಒಂದೇ ಎಪಿಸೋಡನ್ನು ಒಂದು ಊರಿನವರು ಈ ವಾರ ನೋಡಿದರೆ ಇನ್ನೊಂದು ಊರಿನವರು ಎಷ್ಟೋ ವಾರ ಕಳೆದು ನೋಡುತ್ತಿದ್ದರು. ಒಂದು ಸ್ಟೇಷನ್‌ನವನು ಪೆಟ್ಟಿಗೆ ಕಳಿಸೋದು ತಡ ಮಾಡಿದರೆ ಮುಂದಿನವನ ಗತಿ ದೇವರಿಗೇ ಪ್ರೀತಿ. ಒಂದೇ ಪ್ರಿಂಟನ್ನು ಎರಡು ಟಾಕೀಸಿನಲ್ಲಿ ಓಡಿಸಿ, ಇಲ್ಲಿ ಮುಗಿದ ರೀಲನ್ನು ಹುಡುಗನ ಕೈಲಿ ಅಲ್ಲಿಗೆ ಓಡಿಸುತ್ತಿದ್ದ ಕಾಲ ನೆನಪಿದೆಯಲ್ವಾ? ಡಬ್ಬ ಬರದೆ ಇಂಟರ್ವಲ್ ಉದ್ದ ಆಗುತ್ತಿತ್ತು. ಅದೇ ಕಥೆ, ಸ್ವಲ್ಪ ದೊಡ್ಡ ದೇಶ. ವ್ಯತ್ಯಾಸ ಅಂದರೆ ನಮ್ಮಲ್ಲಿ ನಿಜವಾಗಿಯೂ ಸೈಕಲ್ ಇತ್ತು.

1981ರಲ್ಲಿ ಶುರುವಾದ ‘ಎಂಟರ್‌ಟೇನ್‌ಮೆಂಟ್ ಟುನೈಟ್’ ಸಿನಿಮಾ ಮಂದಿಯ ಸುದ್ದಿ ಹೇಳುವ ಕಾರ್ಯಕ್ರಮ. ಸುದ್ದಿಗೆ ಸೈಕಲ್ ಹೊಡೆಸೋಕೆ ಆಗೋದಿಲ್ಲವಲ್ಲ, ಅದನ್ನು ಸ್ಯಾಟಲೈಟ್ ಮೂಲಕ ಅದೇ ದಿನ ಎಲ್ಲ ಸ್ಟೇಷನ್‌ಗೂ ಕಳಿಸಿದರು. ಕ್ರಮೇಣ ಗೇಮ್ ಶೋಗಳೂ ಆಕಾಶ ಹತ್ತಿದವು. ಸ್ಟೇಷನ್‌ನವರು ಇಳಿಸಿಕೊಂಡು ತಮಗೆ ಬೇಕಾದ ಹೊತ್ತಿಗೆ ಹಾಕುತ್ತಾರೆ.

ಇಷ್ಟೊಂದು ಗೇಮ್ ಶೋ ಯಾಕೆ ಅಂದರೆ ಅದಕ್ಕೆ ಸರ್ಕಾರದ ಒಂದು ಒಳ್ಳೇ ಉದ್ದೇಶ ಕಾರಣ. ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 1970ರಲ್ಲಿ ಒಂದು ನಿಯಮ ತಂದಿತು, 1971ರಿಂದ ಜಾರಿ. ದೊಡ್ಡ 50 ಮಾರುಕಟ್ಟೆಗಳಲ್ಲಿ ಸಂಜೆಯ ನಾಲ್ಕು ಗಂಟೆಗಳ ಅವಧಿಯಲ್ಲಿ ಮೂರು ಗಂಟೆ ಮಾತ್ರ ನೆಟ್‌ವರ್ಕಿಗೆ. ಉಳಿದ ಹೊತ್ತು ಸ್ಥಳೀಯರು ತಮ್ಮ ಊರಿನ ಕಾರ್ಯಕ್ರಮ ಮಾಡಲಿ, ಹೊಸಬರು ಬೆಳೆಯಲಿ ಅಂತ ಆಸೆ. ಸ್ಟೇಷನ್‌ಗಳು ಏನು ಮಾಡಿದವು? ಸೋವಿ ಸರಕು ಹುಡುಕಿದವು. ಗೇಮ್ ಶೋಗಿಂತ ಸೋವಿ ಇನ್ನೇನಿದೆ? ಒಂದೇ ಸೆಟ್ಟು, ಕಥೆ ಬರೆಯೋರು ಬೇಡ, ನಟರು ಬೇಡ, ಒಂದೇ ದಿನದಲ್ಲಿ ಐದು ಎಪಿಸೋಡ್ ಶೂಟ್ ಮಾಡಬಹುದು. ‘ಜೆಪರ್ಡಿ’ ಈಗಲೂ ಹಾಗೇ ದಿನಕ್ಕೆ ಐದರಂತೆ ಶೂಟ್ ಆಗುತ್ತೆ. ತಮಾಷೆ ಏನಪ್ಪಾ ಅಂದರೆ, ಅದೇ ನಿಯಮದ ಪ್ರಕಾರ ಆ ಮಾರುಕಟ್ಟೆಗಳಲ್ಲಿ ನೆಟ್‌ವರ್ಕಿನ ಜೊತೆಗಿದ್ದ ಸ್ಟೇಷನ್‌ಗಳು ನೆಟ್‌ವರ್ಕಿನಲ್ಲಿ ಆಗಲೇ ಬಂದುಹೋದ ಶೋಗಳನ್ನು ಆ ಹೊತ್ತಿಗೆ ಹಾಕುವಂತೆಯೇ ಇರಲಿಲ್ಲ. ಅಂದರೆ ಸಿಂಡಿಕೇಟೆಡ್ ಗೇಮ್ ಶೋಗಳು ಬೆಳೆದದ್ದೇ ಮರುಪ್ರಸಾರ ಬೇಡ ಅಂದಿದ್ದಕ್ಕೆ! 1996ರಲ್ಲಿ ನಿಯಮ ಹೋಯಿತು. ಗೇಮ್ ಶೋಗಳು ಹೋಗಲಿಲ್ಲ.

‘ವೀಲ್ ಆಫ್ ಫಾರ್ಚೂನ್’ 1975ರಿಂದ ಎನ್‌ಬಿಸಿಯಲ್ಲಿ ಹಗಲು ಬರುತ್ತಿತ್ತು. 1983ರ ಸೆಪ್ಟೆಂಬರಿನಲ್ಲಿ ಕಿಂಗ್ ವರ್ಲ್ಡ್ ಅನ್ನೋ ಕಂಪನಿ ಸಂಜೆಗೆ ಅಂತಲೇ ಬೇರೆ ಎಪಿಸೋಡುಗಳನ್ನು ಸ್ಟೇಷನ್‌ಗಳಿಗೆ ಮಾರಿತು. ಶುರುವಿನಲ್ಲಿ ನ್ಯೂಯಾರ್ಕ್, ಲಾಸ್ ಏಂಜಲೀಸ್, ಶಿಕಾಗೋ ಮೂರು ಕಡೆಯೂ ಯಾರೂ ತಗೊಂಡಿರಲಿಲ್ಲ. ಸಣ್ಣ ಊರುಗಳಲ್ಲಿ ಗೆದ್ದ ಮೇಲೆ ದೊಡ್ಡವರು ಕ್ಯೂ ನಿಂತರು. ಮುಂದಿನ ವರ್ಷ ಅದೇ ಕಂಪನಿ ಅಲೆಕ್ಸ್ ಟ್ರೆಬೆಕ್ ನಡೆಸಿಕೊಡುತ್ತಿದ್ದ ‘ಜೆಪರ್ಡಿ’ ತಂದಿತು. ಹಗಲಿನ ‘ವೀಲ್’ 1991ರವರೆಗೂ ನಡೆಯಿತು. ಅಷ್ಟು ವರ್ಷ ಹಗಲು ನೆಟ್‌ವರ್ಕಿನದ್ದು, ಸಂಜೆ ಸಿಂಡಿಕೇಟೆಡ್, ಎರಡೂ ಹೊಸ ಎಪಿಸೋಡು.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಸ್ಟೇಷನ್ ನಗದು ಕೊಡಬಹುದು. ಇಲ್ಲ, ಶೋ ಮಧ್ಯದ ಜಾಹೀರಾತು ಹೊತ್ತಿನಲ್ಲಿ ಒಂದು ಪಾಲು ಹಂಚುವವನಿಗೆ ಬಿಟ್ಟುಕೊಡಬಹುದು, ಇದಕ್ಕೆ ಬಾರ್ಟರ್ ಅಂತಾರೆ. ಇಲ್ಲ ಎರಡೂ ಸ್ವಲ್ಪ ಸ್ವಲ್ಪ. ಬಾರ್ಟರಿನಲ್ಲಿ ಒಂದು ಕೊಕ್ಕೆ ಇದೆ. ದೇಶದ ಬಹುಪಾಲು ಮನೆಗೆ ತಲುಪದಿದ್ದರೆ ದೊಡ್ಡ ಜಾಹೀರಾತುದಾರರು ತಿರುಗಿಯೂ ನೋಡೋದಿಲ್ಲ. ಅದಕ್ಕೆ ಸೇಲ್ಸ್‌ನವರು ಸಣ್ಣಪುಟ್ಟ ಊರಿನ ಸ್ಟೇಷನ್ ಬಾಗಿಲಿಗೂ ಹೋಗುತ್ತಿದ್ದದ್ದು.

ಹಾಗಾದರೆ ಮರುಪ್ರಸಾರ ಅನ್ನೋ ತಪ್ಪು ಎಲ್ಲಿಂದ ಬಂತು? ಸಿಂಡಿಕೇಶನ್ನಿನಲ್ಲಿ ಎರಡು ಬಗೆ. ನೆಟ್‌ವರ್ಕಿನಲ್ಲಿ ಓಡಿದ ‘ಫ್ರೆಂಡ್ಸ್’, ‘ಸೈನ್‌ಫೆಲ್ಡ್’ ಥರದ ಹಾಸ್ಯ ಧಾರಾವಾಹಿಗಳನ್ನು ಆಮೇಲೆ ಊರೂರಿಗೆ ಮಾರೋದು ಒಂದು, ಅದು ಮರುಪ್ರಸಾರ ಹೌದು. ಮೊದಲ ಸಲವೇ ಊರೂರಿಗೆ ಮಾರೋದು ಇನ್ನೊಂದು, ‘ಫಸ್ಟ್ ರನ್’, ಗೇಮ್ ಶೋಗಳದ್ದು ಇದು. ಒಂದನೆಯದನ್ನು ನೋಡಿ ಎರಡನೆಯದಕ್ಕೂ ಅದೇ ಹಣೆಪಟ್ಟಿ ಹಚ್ಚಿದ್ದಾರೆ.

ಇನ್ನೊಂದು ತಪ್ಪು ನಮ್ಮದೇ. ‘ಕನ್ನಡದ ಕೋಟ್ಯಧಿಪತಿ’ ಸಿಂಡಿಕೇಟೆಡ್ ಶೋ ಅಂತ ಬರೆಯುತ್ತಾರೆ. ಅಲ್ಲ ಸ್ವಾಮಿ. 2012ರಲ್ಲಿ ಪುನೀತ್ ಎದುರು ಕೂತವರು ನಮ್ಮವರು, ಪ್ರಶ್ನೆ ನಮ್ಮದು. ಬ್ರಿಟನ್ನಿನ ಮೂಲದಿಂದ ಬಂದದ್ದು ಆಟದ ಚೌಕಟ್ಟು ಮಾತ್ರ, ಅದು ಫಾರ್ಮ್ಯಾಟ್ ಲೈಸೆನ್ಸ್. ಅಡುಗೆ ಮಾಡುವ ರೀತಿ ಕೊಂಡರೆ ಫಾರ್ಮ್ಯಾಟು, ಮಾಡಿದ ಅಡುಗೆಯನ್ನೇ ಕ್ಯಾರಿಯರ್‌ನಲ್ಲಿ ತರಿಸಿಕೊಂಡರೆ ಸಿಂಡಿಕೇಶನ್. ಗೊಂದಲಕ್ಕೆ ತುಪ್ಪ ಹಾಕಿದ ಹಾಗೆ, ಅದೇ ಆಟದ ಅಮೆರಿಕದ ಅವತಾರ ಮೊದಲು 1999ರಲ್ಲಿ ಎಬಿಸಿ ನೆಟ್‌ವರ್ಕಿನಲ್ಲಿ ಬಂತು, 2002ರಿಂದ ಬೇರೆ ನಿರೂಪಕಿಯೊಂದಿಗೆ ಸಿಂಡಿಕೇಶನ್ನಿನಲ್ಲಿ ಹೊಸದಾಗಿ ಬಂತು.

‘ಜೆಪರ್ಡಿ ಎಬಿಸಿ ಚಾನೆಲಿನ ಶೋ’ ಅನ್ನುವವರಿಗೂ ಒಂದು ಮಾತು. ನ್ಯೂಯಾರ್ಕಿನಲ್ಲಿ ಅದು ಎಬಿಸಿಯ ಸ್ಟೇಷನ್‌ನಲ್ಲಿ ಬರುತ್ತೆ, ಸರಿ. ಬೇರೆ ಕೆಲವು ಊರುಗಳಲ್ಲಿ ಎನ್‌ಬಿಸಿ ಜೊತೆ ಒಪ್ಪಂದ ಇರೋ ಸ್ಟೇಷನ್‌ನಲ್ಲಿ. ಮಾಡುವವರು ಸೋನಿ. ಕಿಂಗ್ ವರ್ಲ್ಡನ್ನು 1999ರಲ್ಲಿ ಸಿಬಿಎಸ್ ಕೊಂಡದ್ದರಿಂದ ಹಂಚುವ ಕೆಲಸ ಸಿಬಿಎಸ್ ಕಡೆಗೆ ಹೋಯಿತು, ಈ ಹಂಚಿಕೆ ವಿಷಯಕ್ಕೇ 2024ರಲ್ಲಿ ಸೋನಿಯವರು ಸಿಬಿಎಸ್ ಮೇಲೆ ಕೇಸು ಹಾಕಿದರು. ಈಗ ಹೇಳಿ, ಯಾರ ಚಾನೆಲಿನ ಶೋ?

ಸ್ಟೇಷನ್‌ಗೊಂದು ಹೊತ್ತು ಇರೋದರ ಫಲ ನಮ್ಮ ಚಿಕ್ಕಪ್ಪನಿಗೆ ತಟ್ಟಿದೆ. ನ್ಯೂಜೆರ್ಸಿಯಲ್ಲಿ ಮಗಳ ಮನೆಗೆ ಆರು ತಿಂಗಳಿಗೆ ಅಂತ ಹೋದವರು ಸಂಜೆ ಏಳಕ್ಕೆ ‘ಜೆಪರ್ಡಿ’ ಮುಂದೆ ಕೂರೋದು ಅಭ್ಯಾಸ ಮಾಡಿಕೊಂಡರು. ಶಿಕಾಗೋದಲ್ಲಿರುವ ಭಾಮೈದ ಸರಿಯಾಗಿ ಅದೇ ಹೊತ್ತಿಗೆ ಫೋನ್ ಮಾಡಿ, ಕೊನೇ ಪ್ರಶ್ನೆ ಓದಿ ಮುಗಿಯೋದರೊಳಗೆ, ‘ಇದು ಹೀಗಿರಬಹುದು ನೋಡಿ ಭಾವಾ’ ಅಂತ ಉತ್ತರ ಹೇಳುತ್ತಿದ್ದ. ದಿನಾ ಸರಿ. ಶಿಕಾಗೋದಲ್ಲಿ ಆ ಶೋ ಮಧ್ಯಾಹ್ನ ಮೂರೂವರೆಗೇ ಬಂದುಹೋಗಿರುತ್ತೆ. ಚಿಕ್ಕಪ್ಪ ಊರಿಗೆ ವಾಪಸ್ ಬಂದು ವರ್ಷ ಆಯಿತು, ಈಗಲೂ ಮದುವೆ ಮನೆಯಲ್ಲಿ ಭಾಮೈದನ ಜ್ಞಾಪಕಶಕ್ತಿ ಹೊಗಳುತ್ತಾರೆ. ನಾನಿನ್ನೂ ಹೇಳಿಲ್ಲ.