ಐ7 ಇರಲಿ, ಕೊನೆಯ ಅಕ್ಷರ ಯಾವುದು?

ಮಗಳು ಎಂಜಿನಿಯರಿಂಗ್ ಸೇರಿದಳು ಅಂದರೆ ಸಾಕು, ಮನೆಯವರಿಗೆ ಇಂಟೆಲ್‌ನ ಐ7 ಚಿಪ್ (ಪ್ರೊಸೆಸರ್) ಇರುವ ಲ್ಯಾಪ್‌ಟಾಪೇ ಆಗಬೇಕು. ಐ5 ಕೊಡಿಸಿದರೆ ಮರ್ಯಾದೆ ಕಮ್ಮಿ! ಎಷ್ಟು ಹೇಳಿದರೂ ಈ ಗೀಳು ಬಿಡುವುದಿಲ್ಲ.

ನೋಡಬೇಕಾದ್ದು ಚಿಪ್ ಹೆಸರಿನ ಕೊನೆಯ ಅಕ್ಷರ: ಯು ಅಂದರೆ ಕರೆಂಟ್ ಉಳಿಸುವ ಚಿಪ್, ಎಚ್ ಅಂದರೆ ಹೆಚ್ಚು ಕರೆಂಟ್ ಎಳೆದು ಗಟ್ಟಿ ಕೆಲಸ ಮಾಡುವ ಚಿಪ್. ಇಂಟೆಲ್‌ನ 12ನೇ ತಲೆಮಾರಿನ ಎರಡು ಚಿಪ್ ನೋಡಿ. ಐ7-1255ಯು: 10 ಕೋರ್ (ಲೆಕ್ಕ ಮಾಡುವ ಘಟಕ), ಆದರೆ ಗಟ್ಟಿ ಕೆಲಸದ ಪಿ-ಕೋರ್ ಎರಡೇ, ಉಳಿದ ಎಂಟು ಕರೆಂಟ್ ಉಳಿಸುವ ಇ-ಕೋರ್. ಬೇಸ್ ಪವರ್, ಅಂದರೆ ಸತತವಾಗಿ ದುಡಿಯಲು ಇಂಟೆಲ್ ಇಟ್ಟ ವಿದ್ಯುತ್ ಲೆಕ್ಕ, 15 ವ್ಯಾಟ್. ಐ5-12500ಎಚ್: ಪಿ-ಕೋರ್ 4, ಇ-ಕೋರ್ 8, ಬೇಸ್ ಪವರ್ 45 ವ್ಯಾಟ್. ವಿಡಿಯೊ ಎಕ್ಸ್‌ಪೋರ್ಟ್, ದೊಡ್ಡ ಕೋಡ್ ಕಂಪೈಲ್ ಮುಂತಾದ ಎಲ್ಲ ಕೋರ್ ದುಡಿಯುವ ಕೆಲಸದಲ್ಲಿ ಸಾಮಾನ್ಯವಾಗಿ ಈ ಐ5 ಮುಂದೆ.

‘ಡಬ್ಬದ ಮೇಲೆ 4.7 ಗಿಗಾಹರ್ಟ್ಸ್ ಅಂತಿದೆಯಲ್ಲ’ ಅನ್ನುತ್ತಾರೆ. ಅದು ಟರ್ಬೊ ವೇಗ. ಒಂದೆರಡು ಕೋರ್ ಮುಟ್ಟುವ ಮೇಲಿನ ಮಿತಿ. 1255ಯು ಟರ್ಬೊದಲ್ಲಿ 55 ವ್ಯಾಟ್‌ವರೆಗೂ ಎಳೆಯಬಲ್ಲದು, ಆದರೆ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ತಯಾರಕರು ನಿಗದಿ ಮಾಡಿದ ದೀರ್ಘಾವಧಿ ಮಿತಿಗೆ ಇಳಿಯುತ್ತದೆ. ಆ ಮಿತಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಹಾಗಾಗಿ ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್ ಒಂದೇ ಥರ ಓಡಬೇಕೆಂದಿಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. ಚಾರ್ಜರ್ ಹಾಕಿ, ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಟ್ಟು, ಚಿಪ್‌ನ ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶದ ಮಲ್ಟಿಕೋರ್ (ಎಲ್ಲ ಕೋರ್ ದುಡಿಸುವ) ಪರೀಕ್ಷೆ 10 ನಿಮಿಷ ಓಡಿಸಿ. ಪಕ್ಕದಲ್ಲಿ ಚಿಪ್‌ನ ವ್ಯಾಟ್, ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶ ತೆರೆದು ‘ಸಿಪಿಯು ಪ್ಯಾಕೇಜ್ ಪವರ್’, ತಾಪಮಾನ ಎರಡನ್ನೂ ನೋಡುತ್ತಿರಿ. ಮೊದಲ ನಿಮಿಷದ ಅಂಕಿ ಮರೆತುಬಿಡಿ, ಕೊನೆಯ ನಿಮಿಷದ್ದು ಬರೆದುಕೊಳ್ಳಿ. ಯು ಚಿಪ್‌ನಲ್ಲಿ ವ್ಯಾಟ್ 15ರ ಆಸುಪಾಸಿಗೆ ಬಂದು ತಾಪ 70 ಡಿಗ್ರಿ ದಾಟದಿದ್ದರೆ ಅದು ಪವರ್ ಮಿತಿ. ಥರ್ಮಲ್ ಪೇಸ್ಟ್ (ಚಿಪ್‌ನ ಶಾಖ ಹೊರಗೆ ಸಾಗಿಸಲು ಹಚ್ಚುವ ಲೇಪ) ಬದಲಿಸಿ ದುಡ್ಡು ಹಾಳು ಮಾಡಬೇಡಿ. ತಾಪ 95–100ರಲ್ಲಿ ನಿಂತು ವ್ಯಾಟ್ ಕುಸಿಯುತ್ತಿದ್ದರೆ ಫ್ಯಾನ್ ದೂಳು, ಒಣಗಿದ ಪೇಸ್ಟ್ ಅನುಮಾನಿಸಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಹೊಸದರಲ್ಲೇ ಹೀಗಾಗುವುದೂ ಉಂಟು.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯಲ್ಲಿ ಬಲೆ ಬೇರೆ ಕಡೆ. ಅದರ ರೈಜೆನ್ 7000 ಲ್ಯಾಪ್‌ಟಾಪ್ ಚಿಪ್ ಸರಣಿಯಲ್ಲಿ ಚಿಪ್‌ನ ವಿನ್ಯಾಸದ ತಲೆಮಾರು ತಿಳಿಸುವ ಮೂರನೇ ಅಂಕಿ ನೋಡಿ: ರೈಜೆನ್ 5 7520ಯು ಹಳೆಯ ಜೆನ್ 2 ವಿನ್ಯಾಸ, ನಾಲ್ಕೇ ಕೋರ್. 7530ಯು ಜೆನ್ 3, ಆರು ಕೋರ್. ಎರಡಕ್ಕೂ ‘ರೈಜೆನ್ 5’ ಎಂಬ ಒಂದೇ ಸ್ಟಿಕ್ಕರ್.

ಹಾಗಂತ ಎಲ್ಲರೂ ಎಚ್ ಚಿಪ್‌ಗೆ ಓಡಬೇಕಿಲ್ಲ. ಟೈಪಿಂಗ್, ಬ್ರೌಸರ್, ಆನ್‌ಲೈನ್ ಕ್ಲಾಸ್ ಇಷ್ಟೇ ಆದರೆ ಯು ಚಿಪ್ ಧಾರಾಳ ಸಾಕು, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಅಂಥವರು ಐ5 ಯು ತಗೊಂಡು, ಉಳಿದ ದುಡ್ಡಿಗೆ 8 ಜಿಬಿಯ ಎರಡು ರ್‍ಯಾಮ್ ಹಾಕಿಸಿಕೊಳ್ಳಿ. ಒಂದೇ ರ್‍ಯಾಮ್ ಇದ್ದರೆ ಇಂಟೆಲ್‌ನ ಈ ಚಿಪ್‌ಗಳೊಳಗಿನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ (ಪರದೆಯ ಚಿತ್ರ ಮೂಡಿಸುವ ಭಾಗ) ಬರೀ ‘ಯುಎಚ್‌ಡಿ’ ಎಂದೇ ತೋರಿಸುತ್ತದೆ, ನಿಧಾನವೂ ಆಗುತ್ತದೆ.