ಪರದೆ ಅರ್ಧಕ್ಕೇ ನಿಂತಾಗ

ಪ್ರೊಜೆಕ್ಟರ್‌ನ ಮೋಟಾರು ಪರದೆ ಅರ್ಧಕ್ಕೇ ನಿಂತರೆ ಮೋಟಾರು ಸುಟ್ಟಿತೆಂದೇ ಹೆಚ್ಚಿನವರು ತಿಳಿಯುತ್ತಾರೆ. ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ ಮಕ್ಕಳು ರಿಮೋಟ್ ಹಿಡಿದು ಪರದೆಯನ್ನು ಏಳೆಂಟು ಬಾರಿ ಇಳಿಸಿ ಏರಿಸಿದ ಮೇಲೆ ಅದು ಯಾವ ಗುಂಡಿಗೂ ಜಗ್ಗಲಿಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದಾಗ ಏನೂ ಆಗಿಲ್ಲವೆಂಬಂತೆ ಮೇಲೇರಿತು.

ಬಟ್ಟೆ ಸುತ್ತಿಕೊಳ್ಳುವ ಕೊಳವೆಯೊಳಗೇ ಗಾಳಿಯಾಡದಂತೆ ಕೂತಿರುವ ಈ 230 ವೋಲ್ಟ್ ಮೋಟಾರನ್ನು ಸಾಮಾನ್ಯವಾಗಿ ಒಂದೇ ಸಮನೆ ಸುಮಾರು 4 ನಿಮಿಷ ಓಡುವುದಕ್ಕಷ್ಟೇ ರೂಪಿಸಿರುತ್ತಾರೆ. ಸುರುಳಿಗಳು ಕಾದಾಗ ಒಳಗಿನ ಉಷ್ಣ ಸ್ವಿಚ್ ವಿದ್ಯುತ್ತನ್ನು ಕಡಿದು, ತಣಿದ ಮೇಲೆ ತಾನಾಗಿಯೇ ಮತ್ತೆ ಜೋಡಿಸುತ್ತದೆ. ಆದ್ದರಿಂದ ಎರಡೂ ದಿಕ್ಕಿನಲ್ಲಿ ಸದ್ದಿಲ್ಲದೆ ನಿಂತ ಮೋಟಾರಿಗೆ ಮೊದಲು ಬೇಕಾದದ್ದು ಬಿಡುವು. ಆ ಬಿಡುವಿನಲ್ಲಿ ರಿಮೋಟಿನ ಬ್ಯಾಟರಿಯನ್ನೂ ಬದಲಿಸಿ ನೋಡಬಹುದು.

ಮೋಟಾರು ಗುಂಯ್‌ಗುಟ್ಟಿಯೂ ತಿರುಗದಿದ್ದರೆ ಅದು ಬೇರೆಯೇ ಕಥೆ. ಇದರಲ್ಲಿ ಏರಿಕೆಗೊಂದು, ಇಳಿಕೆಗೊಂದು ಸುರುಳಿಯಿದ್ದು, ಒಂದಕ್ಕೆ ಫೇಸ್ ನೇರವಾಗಿ ಸಿಕ್ಕರೆ ಇನ್ನೊಂದಕ್ಕೆ ಕೆಪಾಸಿಟರ್ ಎಂಬ, ವಿದ್ಯುತ್ತನ್ನು ಕೂಡಿಟ್ಟು ಬಿಡುವ ಬಿಡಿಭಾಗದ ಮೂಲಕ ಹೋಗುತ್ತದೆ. ಮೋಟಾರನ್ನು ತಿರುಗಿಸುವ ಕಾಂತಕ್ಷೇತ್ರ ಹುಟ್ಟುವುದು ಈ ಎರಡು ಪ್ರವಾಹಗಳ ಏರಿಳಿತ ಹಿಂದುಮುಂದಾಗುವುದರಿಂದಲೇ; ಕೆಪಾಸಿಟರ್ ಸೊರಗಿದರೆ ಮೋಟಾರು ಬರಿದೇ ಗುಂಯ್‌ಗುಟ್ಟುತ್ತದೆ. ಕೆಪಾಸಿಟರ್ ಸೊರಗಿದ ಸೀಲಿಂಗ್ ಫ್ಯಾನನ್ನು ಕೋಲಿನಿಂದ ತಳ್ಳಿ ಓಡಿಸುವವರುಂಟು, ಆದರೆ ಬ್ರೇಕ್ ಮತ್ತು ಗೇರುಗಳು ಬಿಗಿಹಿಡಿದ ಪರದೆಯನ್ನು ಎಳೆದರೆ ಬಟ್ಟೆ ಹಾಳಾಗುವುದಷ್ಟೇ ಬಂತು.

ಪರದೆ ಇಳಿಯುತ್ತದೆ, ಏರುವುದಿಲ್ಲ ಎಂಬ ದೂರು ನನಗೆ ಎಲ್ಲಕ್ಕಿಂತ ಸ್ವಾರಸ್ಯಕರವಾಗಿ ಕಾಣುತ್ತದೆ, ಏಕೆಂದರೆ ಅರ್ಧ ಉತ್ತರ ಆ ದೂರಿನಲ್ಲೇ ಇದೆ. ನ್ಯೂಟ್ರಲ್, ಕೆಪಾಸಿಟರ್, ಉಷ್ಣ ಸ್ವಿಚ್ ಎರಡೂ ದಿಕ್ಕಿಗೆ ಸಾಮಾನ್ಯವಾದುವು. ಒಂದು ದಿಕ್ಕು ಸರಾಗವಾಗಿ ನಡೆಯುತ್ತಿದ್ದು, ಇನ್ನೊಂದರಲ್ಲಿ ಗುಂಯ್‌ ಸದ್ದೂ ಇಲ್ಲದಿದ್ದರೆ ಅವೆಲ್ಲ ಬಹುಮಟ್ಟಿಗೆ ಸರಿಯಾಗಿವೆ ಎನ್ನಬಹುದು. ಉಳಿಯುವುದು ಏರಿಕೆಯ ತಂತಿ, ಅದರ ರಿಲೇ (ರಿಮೋಟಿನ ಆಜ್ಞೆಗೆ ವಿದ್ಯುತ್ತನ್ನು ಜೋಡಿಸುವ ಸ್ವಿಚ್) ಇಲ್ಲವೇ ಮೇಲಿನ ಮಿತಿಯ ಸ್ವಿಚ್. ಮಿತಿಯ ಸ್ವಿಚ್ಚಿಗೆ ಬಟ್ಟೆ ಕಾಣಿಸುವುದಿಲ್ಲ: ಕೊಳವೆಯೊಡನೆ ತಿರುಗುವ ಉಂಗುರವೊಂದು ಸುತ್ತುಗಳನ್ನು ಎಣಿಸುತ್ತದೆ, ಎಣಿಕೆ ಮುಗಿದಲ್ಲಿ ಆ ದಿಕ್ಕಿನ ಫೇಸ್ ಕಡಿದುಹೋಗುತ್ತದೆ. ಬಟ್ಟೆ ಓರೆಯಾಗಿ ಸುತ್ತಿಕೊಂಡರೆ ಇಲ್ಲವೇ ಅಂಟು ಸಡಿಲವಾಗಿ ಜಾರಿದರೆ ಎಣಿಕೆ ಸರಿಯಿದ್ದೂ ಕೆಳಪಟ್ಟಿ ತಪ್ಪಾದ ಎತ್ತರದಲ್ಲಿ ನಿಲ್ಲುತ್ತದೆ. ಅನೇಕ ಮಾದರಿಗಳಲ್ಲಿ ಮೋಟಾರಿನ ತಲೆಯ ಬಳಿ ಎರಡು ಸಣ್ಣ ತಿರುಪುಗಳಿರುತ್ತವೆ, ದಿಕ್ಕಿಗೊಂದರಂತೆ. ಬಟ್ಟೆ ನೇರವಾಗಿರುವುದನ್ನು ಖಚಿತಪಡಿಸಿಕೊಂಡ ಬಳಿಕ ಅವನ್ನು ಒಂದೊಂದೇ ಸುತ್ತು ತಿರುಗಿಸಿ, ಪರದೆಯನ್ನು ಓಡಿಸಿ ನೋಡಬೇಕು; ಕೆಳಪಟ್ಟಿ ಪೆಟ್ಟಿಗೆಗೆ ಬಡಿಯುವ ಮುನ್ನವೇ ನಿಲ್ಲುವಂತಿರಲಿ.

ತಂತಿಗೆ ಕೈಹಾಕುವ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡುವುದು ಲೇಸು. ಮನೆಯ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಮೋಟಾರು ಓಡುವಾಗಲಂತೂ ಖಾಲಿ ಎಂದು ತೋರುವ ಇನ್ನೊಂದು ದಿಕ್ಕಿನ ತಂತಿಯಲ್ಲಿಯೂ ಮನೆಯ ವೋಲ್ಟೇಜನ್ನು ಮೀರಿದ ಒತ್ತಡವಿರಬಲ್ಲದು. ಎರಡು ಪರದೆಗಳನ್ನು ಒಂದೇ ಸ್ವಿಚ್ಚಿಗೆ ನೇರವಾಗಿ ಜೋಡಿಸಬಾರದೆನ್ನುವುದೂ ಇದಕ್ಕೇ: ಒಂದರ ಮಿತಿ ತಲುಪಿದಾಗ ಇನ್ನೊಂದರಿಂದ ಹಿಮ್ಮುಖವಾಗಿ ಬರುವ ಈ ವಿದ್ಯುತ್ತು ನಿಂತ ಮೋಟಾರನ್ನು ತಿರುಗಾಮುರುಗಾ ಓಡಿಸಿಬಿಡುತ್ತದೆ.